ವಚನ ಪಿತಾಮಹರೂ ಒಮ್ಮೆ ಓನಾಮದಿಂದ ತೊಡಗಿದವರು

ಡಾ. ಫ. ಗು. ಹಳಕಟ್ಟಿಯವರನ್ನು ನಾವು ವಚನ ಪಿತಾಮಹರೆಂದು ಗೌರವಿಸುತ್ತೇವೆ. ಜುಲೈ 2ರಂದು ಅವರ ಜಯಂತಿಯನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತೇವೆ. ಆದರೆ ಈ ಪಿತಾಮಹರೂ ಒಂದು ಕಾಲಕ್ಕೆ ತಾಳೆಗರಿಯ ಮುಂದೆ ಹೊಸಬರಾಗಿ ಕುಳಿತವರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

1880ರಲ್ಲಿ ಧಾರವಾಡದಲ್ಲಿ ಗುರುಬಸಪ್ಪ ಮತ್ತು ದಾನಾದೇವಿ ದಂಪತಿಗಳ ಮಗನಾಗಿ ಜನಿಸಿದ ಫಕೀರಪ್ಪನವರು ಮುಂಬಯಿಯಲ್ಲಿ ಉಚ್ಚ ಶಿಕ್ಷಣ ಪಡೆದು, ಕಾನೂನು ಪದವೀಧರರಾಗಿ ವಿಜಯಪುರದಲ್ಲಿ ವಕೀಲ ವೃತ್ತಿಯನ್ನು ನಡೆಸಿದರು. ನ್ಯಾಯಾಲಯದಲ್ಲಿ ಹೆಸರಿತ್ತು, ಸಂಪಾದನೆಯಿತ್ತು. ಅಷ್ಟರಲ್ಲಿ ಶರಣರ ವಚನಗಳ ಕಟ್ಟುಗಳು ಅವರ ಕೈಸೇರಿದವು.

ಆ ಕಾಲದಲ್ಲಿ ಅನೇಕ ಮನೆ, ಮಠಗಳಲ್ಲಿ ತಾಳೆಗರಿಯ ಕಟ್ಟುಗಳು ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು. ಬಿಚ್ಚಿ ಓದುವವರು ವಿರಳ. ಅವುಗಳನ್ನು ಓದುವುದು ಬೇರೆಯೇ ವಿದ್ಯೆ. ಪದ ಪದಗಳ ನಡುವೆ ತೆರಪಿಲ್ಲ. ಇಂದಿನಂತೆ ವಿರಾಮ ಚಿಹ್ನೆಗಳಿಲ್ಲ. ಕಂಟದಿಂದ ಕೊರೆದ ಅಕ್ಷರ ಮಸಿ ಸವರಿದಲ್ಲದೆ ಕಾಣದು. ಹುಳು ತಿಂದ ಕಡೆ ಅರ್ಥವೇ ಕಡಿದುಹೋಗಿರುತ್ತದೆ. ಒಂದು ವಚನದ ಕೊನೆಯನ್ನು ಅಂಕಿತದಿಂದ ಗುರುತಿಸಬೇಕು. ಒಂದು ಪ್ರತಿಯ ಪಾಠವನ್ನು ಇನ್ನೊಂದರೊಡನೆ ತಾಳೆ ನೋಡಬೇಕು. ಕಾನೂನು ಪುಸ್ತಕಗಳ ಪಾಂಡಿತ್ಯ ಇಲ್ಲಿ ನೆರವಿಗೆ ಬಾರದು. ಆದರೂ ಹಳಕಟ್ಟಿಯವರು ಊರೂರು ಅಲೆದು, ಮನೆಮನೆಯ ಬಾಗಿಲು ತಟ್ಟಿ, ಕಟ್ಟುಗಳನ್ನು ಬೇಡಿ ತಂದು, ವರ್ಷಗಟ್ಟಲೆ ಓದಿ ನಕಲು ಮಾಡಿದರು.

ಹೀಗೆ ಸಿದ್ಧಪಡಿಸಿದ ಹಸ್ತಪ್ರತಿಯನ್ನು ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕಳುಹಿಸಿದಾಗ ಅದು ಅಚ್ಚಾಗದೆ ಮರಳಿ ಬಂದಿತು. ಅವರು ಎದೆಗುಂದಲಿಲ್ಲ. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಬೆಳಗಾವಿಯಲ್ಲಿ ಅಚ್ಚಾಗಿ ಹೊರಬಂದಿತು. ಅನ್ಯರ ಮುದ್ರಣಾಲಯವನ್ನು ನಂಬಿದರೆ ಕಾರ್ಯ ಸಾಗದೆಂದು ಮನಗಂಡು, ತಮ್ಮ ನಲವತ್ತೈದನೆಯ ವಯಸ್ಸಿನಲ್ಲಿ, 1925ರಲ್ಲಿ, ವಿಜಯಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. ಇದಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ವಕೀಲರು ಮತ್ತೊಮ್ಮೆ ವಿದ್ಯಾರ್ಥಿಯಾದರು: ಮೊಳೆ ಜೋಡಣೆ, ಕರಡು ತಿದ್ದುವಿಕೆ, ಕಾಗದದ ಲೆಕ್ಕ, ಎಲ್ಲವೂ ಹೊಸತು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನೂ, 1927ರಲ್ಲಿ ‘ನವಕರ್ನಾಟಕ’ವನ್ನೂ ಆರಂಭಿಸಿದರು. ವೃತ್ತಿಯ ಆದಾಯ ಕುಗ್ಗಿತು, ಬಡತನ ಮನೆ ಹೊಕ್ಕಿತು. ಹಿಡಿದ ಕಾಯಕ ನಿಲ್ಲಲಿಲ್ಲ.

1964ರಲ್ಲಿ ಅವರು ಲಿಂಗೈಕ್ಯರಾಗುವ ವೇಳೆಗೆ, ಹೆಸರೂ ತಿಳಿಯದಿದ್ದ ಎಷ್ಟೋ ಶರಣ ಶರಣೆಯರ ವಚನಗಳು ನಾಡಿನ ಕೈಸೇರಿದ್ದವು. ಇಂದು ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವ ವಚನಗಳ ಹಿಂದೆ ಆ ಶ್ರಮವಿದೆ.

ಹೊಸದನ್ನು ಕಲಿಯಲು ನಾವು ಹಿಂಜರಿಯುವುದು ಬಹುಮಟ್ಟಿಗೆ ಅಹಂಕಾರದಿಂದ. ಬಲ್ಲವರೆನಿಸಿಕೊಂಡವರಿಗೆ ಅರಿಯದವರಂತೆ ಕುಳಿತುಕೊಳ್ಳುವುದು ಕಷ್ಟ. ಹಳಕಟ್ಟಿಯವರು ಎರಡು ಬಾರಿ ಹಾಗೆ ಕುಳಿತರು. ವಯಸ್ಸಾಯಿತೆಂದು ವಚನದ ಅಧ್ಯಯನವನ್ನೋ, ಲಿಂಗಪೂಜೆಯನ್ನೋ, ಬೇರಾವ ವಿದ್ಯೆಯನ್ನೋ ಮುಂದೂಡುತ್ತಿರುವ ನಾವು ಅವರನ್ನು ನೆನೆದು, ಇಂದೇ ಮೊದಲ ಅಕ್ಷರಕ್ಕೆ ಕೈಹಚ್ಚೋಣ.