ಸಿಸ್ಟರ್ ರೊಸೆಟ್ಟಾ ಥಾರ್ಪ್: ಹೆಸರಿಲ್ಲದ ಸಮಾಧಿಯ ಹಾಡುಗಾರ್ತಿ



ಇಂದಿನ ಚಿಂತನೆಗೆ ಒಬ್ಬ ಹಾಡುಗಾರ್ತಿಯ ಬದುಕು. ರಾಕ್ ಅಂಡ್ ರೋಲ್ ಎಂದರೆ ನಮ್ಮ ಮನೆಯ ಹುಡುಗರಿಗೆ ಎಲ್ವಿಸ್ ಪ್ರೀಸ್ಲಿ ನೆನಪಾಗುತ್ತಾನೆ. ಅವನ ಮೊದಲ ರೆಕಾರ್ಡ್ ಬಂದದ್ದು 1954ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೆ ಹಾಕಿಕೊಂಡು ಅದೇ ಬಗೆಯ ಸಂಗೀತ ನುಡಿಸುತ್ತಿದ್ದ ಕಪ್ಪು ಹೆಣ್ಣುಮಗಳೊಬ್ಬರಿದ್ದರು. ಅವರ ಹೆಸರು ಸಿಸ್ಟರ್ ರೊಸೆಟ್ಟಾ ಥಾರ್ಪ್.

ಹುಟ್ಟಿದ್ದು 1915ರ ಮಾರ್ಚ್ 20ರಂದು, ಅಮೆರಿಕದ ಅರ್ಕನ್ಸಾ ರಾಜ್ಯದ ಕಾಟನ್ ಪ್ಲಾಂಟ್‌ನಲ್ಲಿ. ಊರಿನ ಹೆಸರೇ ಹತ್ತಿಗಿಡ. ತಂದೆ ತಾಯಿ ಹತ್ತಿ ಬಿಡಿಸುವ ಕೂಲಿಗಳು. ಗುಲಾಮಗಿರಿಯನ್ನು ಕಾನೂನು ತೆಗೆದುಹಾಕಿ ಐವತ್ತು ವರ್ಷವಾಗಿತ್ತು, ಹೊಲಗಳು ಮಾತ್ರ ಹೆಚ್ಚಾಗಿ ಬಿಳಿಯರ ಕೈಯಲ್ಲೇ ಇದ್ದವು. ಅದೇ ವರ್ಷ ಬಾಬಾಸಾಹೇಬರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿದರು. ಕಪ್ಪು ಜನ ನೆಲೆಸಿದ್ದ ಹಾರ್ಲೆಮ್ ಬಡಾವಣೆ ಅದರ ಪಕ್ಕದಲ್ಲೇ ಇದೆ. ಕಪ್ಪು ಜನರ ಪಾಡಿಗೂ ನಮ್ಮವರ ಪಾಡಿಗೂ ಇರುವ ಹೋಲಿಕೆಯನ್ನು ಬಾಬಾಸಾಹೇಬರು ಮುಂದೆ 1946ರಲ್ಲಿ ಡುಬಾಯ್ಸ್ ಅವರಿಗೆ ಪತ್ರದಲ್ಲಿಯೇ ಬರೆದರು.

ರೊಸೆಟ್ಟಾ ಅವರ ತಾಯಿ ಕೇಟಿ ಬೆಲ್ ಕೂಲಿ ಮಾಡುತ್ತಲೇ ಧರ್ಮಪ್ರಚಾರಕ್ಕಿಳಿದ ದಿಟ್ಟ ಹೆಂಗಸು. ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್ ಎಂಬ ಅವರ ಪಂಥವನ್ನು ಕಟ್ಟಿದವರು ಕಪ್ಪು ಜನರೇ. ಅಲ್ಲಿ ಪ್ರಾರ್ಥನೆಯೆಂದರೆ ಚಪ್ಪಾಳೆ, ಕುಣಿತ, ವಾದ್ಯ. ಹೆಣ್ಣುಮಕ್ಕಳೂ ಎದ್ದು ನಿಂತು ಹಾಡಬಹುದಿತ್ತು. ತಾಯಿ ಮ್ಯಾಂಡೊಲಿನ್ ನುಡಿಸಿದರೆ ಮಗಳು ಗಿಟಾರ್ ಹಿಡಿದಳು. ಆರು ವರ್ಷದ ಹೊತ್ತಿಗೆ ತಾಯಿಯ ಜೊತೆ ಊರೂರು ತಿರುಗಿ ಸಭೆಗಳಲ್ಲಿ ಹಾಡುತ್ತಿದ್ದಳು. ತಾಯಿ ಮಗಳು ಗಂಡಸರ ಆಸರೆ ಬಿಟ್ಟು ಷಿಕಾಗೋ ಸೇರಿದರು. ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಆ ಕಾಲದಲ್ಲಿ ಲಕ್ಷಾಂತರ ಕಪ್ಪು ಜನ ಉತ್ತರದ ನಗರಗಳಿಗೆ ಗುಳೆ ಹೋಗುತ್ತಿದ್ದರು. ಅವರಲ್ಲಿ ಇವರಿಬ್ಬರು. ಜನ ಕೊಟ್ಟ ಕಾಣಿಕೆಯಲ್ಲೇ ಜೀವನ.

1934ರಲ್ಲಿ ಒಬ್ಬ ಪ್ರಚಾರಕನ ಜೊತೆ ಮದುವೆಯಾಯಿತು. ಬಾಳಲಿಲ್ಲ. ಅವನ ಹೆಸರು ಥಾರ್ಪ್ ಎಂದಲ್ಲ, ಥಾರ್ಪ್ ಅನ್ನೇ ಹೋಲುವ ಥೋರ್ಪ್. ಅದನ್ನು ತುಸು ತಿದ್ದಿ ರೊಸೆಟ್ಟಾ ತಮ್ಮದಾಗಿಸಿಕೊಂಡರು. ಗಂಡ ಹೋದ, ಹೆಸರು ಉಳಿಯಿತು.

1938ರಲ್ಲಿ ನ್ಯೂಯಾರ್ಕ್. ಹತ್ತಿಗಿಡದ ಊರಿನ ಹುಡುಗಿ ಸೇರಿದ ನೈಟ್ ಕ್ಲಬ್ಬಿನ ಹೆಸರು ಕಾಟನ್ ಕ್ಲಬ್. ಹಾಡುವವರು, ಕುಣಿಯುವವರು ಕಪ್ಪು ಜನ. ದುಡ್ಡು ಕೊಟ್ಟು ಕುಡಿದು ನೋಡುವವರು ಹೆಚ್ಚಾಗಿ ಬಿಳಿಯರು. ಅದೇ ವರ್ಷ ಅಕ್ಟೋಬರ್ 31ರಂದು ಡೆಕ್ಕಾ ಕಂಪನಿ ಅವರ ಮೊದಲ ಹಾಡುಗಳನ್ನು ಮುದ್ರಿಸಿಕೊಂಡಿತು. ಡಿಸೆಂಬರ್ 23ರಂದು ಕಾರ್ನೆಗಿ ಹಾಲ್‌ನಲ್ಲಿ, ಆ ನಗರದ ದೊಡ್ಡ ಸಂಗೀತ ಸಭಾಂಗಣದಲ್ಲಿ ಹಾಡಿದರು.

ಚರ್ಚಿನವರು ಸಿಡಿದೆದ್ದರು. ದೇವರ ಹಾಡನ್ನು ಹೆಂಡ ಸುರಿಯುವ ಕಡೆ ಹಾಡುವುದೇ ಎಂಬುದು ಅವರ ತಕರಾರು. ಪಂಚಶೀಲ ಸ್ವೀಕರಿಸಿದ ನಮಗೆ ಆ ಮಾತು ಅರ್ಥವಾಗದ್ದೇನಲ್ಲ. ಸಮ್ಮಾ ಆಜೀವದ ಪಾಠ ನಡೆದಾಗಲೆಲ್ಲ ನಮ್ಮ ಬಳಗದಲ್ಲೂ ಇಂಥ ಪ್ರಶ್ನೆ ಏಳುತ್ತದೆ: ಹೊಟ್ಟೆಪಾಡಿಗೆ ಎಲ್ಲಿಯವರೆಗೆ ಹೋಗಬಹುದು? ಆದರೆ ಇನ್ನೊಂದನ್ನೂ ಕೇಳಬೇಕು. ಕಪ್ಪು ಹೆಣ್ಣೊಬ್ಬಳ ಗಿಟಾರಿಗೆ ನ್ಯಾಯವಾದ ಕೂಲಿ ಕೊಡುವ ಬೇರೆ ಜಾಗ ಆಗ ಎಷ್ಟಿದ್ದವು? ಬೆಳಿಗ್ಗೆ ಚರ್ಚು, ರಾತ್ರಿ ಕ್ಲಬ್ಬು ಎರಡರಲ್ಲೂ ರೊಸೆಟ್ಟಾ ಹಾಡಿದರು. ಎರಡು ಕಡೆಯವರೂ ಅವರನ್ನು ಪೂರ್ತಿ ತಮ್ಮವರೆಂದು ಒಪ್ಪಲಿಲ್ಲ. ನನಗಂತೂ ಇದರಲ್ಲಿ ಅವರ ತಪ್ಪಿಗಿಂತ ಅವರ ಒಂಟಿತನವೇ ಹೆಚ್ಚು ಕಾಣುತ್ತದೆ.

1944ರಲ್ಲಿ ಮುದ್ರಿಸಿದ ಒಂದು ಭಕ್ತಿಗೀತೆ ಮರುವರ್ಷ ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ಯಾವ ಪಟ್ಟಿ? ಕಪ್ಪು ಜನರ ಹಾಡುಗಳಿಗೆಂದೇ ಪ್ರತ್ಯೇಕವಾಗಿ ಇಟ್ಟಿದ್ದ ಪಟ್ಟಿ. ಅದಕ್ಕೆ ರೇಸ್ ರೆಕಾರ್ಡ್ಸ್ ಎಂದೇ ಹೆಸರು. ಹೋಟೆಲಿನಲ್ಲಿ ನಮ್ಮವರಿಗೆ ಬೇರೆ ಲೋಟ ಇಡುತ್ತಿದ್ದರಲ್ಲ, ಹಾಗೆ ಹಾಡಿಗೂ ಬೇರೆ ಪಟ್ಟಿ. ಇಂದು ಸಂಗೀತದ ಚರಿತ್ರೆ ಬರೆಯುವವರಲ್ಲಿ ಹಲವರು ಅದನ್ನು ರಾಕ್ ಅಂಡ್ ರೋಲ್‌ನ ಮೊದಲ ರೆಕಾರ್ಡುಗಳಲ್ಲಿ ಒಂದೆಂದು ಎಣಿಸುತ್ತಾರೆ.

ಲೋಟದ ಮಾತು ಬರೀ ಹೋಲಿಕೆಯಲ್ಲ. ದಕ್ಷಿಣದ ರಾಜ್ಯಗಳಲ್ಲಿ ಕಾರ್ಯಕ್ರಮ ಕೊಡಲು ಹೋದಾಗ ಈ ಪ್ರಸಿದ್ಧ ಗಾಯಕಿಗೆ ಬಿಳಿಯರ ಹೋಟೆಲಿನಲ್ಲಿ ಊಟವಿಲ್ಲ, ಲಾಡ್ಜಿನಲ್ಲಿ ಕೋಣೆಯಿಲ್ಲ. ಬಸ್ಸಿನಲ್ಲೇ ಮಲಗುತ್ತಿದ್ದರು. ಜೋರ್ಡನೇರ್ಸ್ ಎಂಬ ಬಿಳಿ ಗಾಯಕರ ತಂಡ ಕೆಲಕಾಲ ಅವರ ಜೊತೆಗಿತ್ತು. ಆ ಗಾಯಕರು ಹೋಟೆಲಿನೊಳಗೆ ಹೋಗಿ ಊಟ ತಂದುಕೊಡುತ್ತಿದ್ದರು. ವೇದಿಕೆಯ ಮೇಲೆ ರೊಸೆಟ್ಟಾ ಯಜಮಾನಿ, ಊಟದ ಹೊತ್ತಿಗೆ ಬಾಗಿಲಾಚೆ. ಅದೇ ಜೋರ್ಡನೇರ್ಸ್ ಮುಂದೆ ಎಲ್ವಿಸ್ ಹಿಂದೆ ನಿಂತು ಹಾಡಿದರು.

ತಮಗೆ ಮುಚ್ಚಿದ ಬಾಗಿಲನ್ನು ಇನ್ನೊಬ್ಬರಿಗೆ ತೆರೆಯುವ ಗುಣ ಅವರಲ್ಲಿತ್ತು. ಗಾಯಕಿ ಮೇರಿ ನೈಟ್ ಅವರನ್ನು ಜೊತೆಗೆ ಕರೆದುಕೊಂಡು ವರ್ಷಗಟ್ಟಲೆ ಜೋಡಿಯಾಗಿ ಹಾಡಿದರು. 1947ರಲ್ಲಿ ಜಾರ್ಜಿಯಾ ರಾಜ್ಯದ ಮೇಕನ್ ಊರಿನಲ್ಲಿ ಕಾರ್ಯಕ್ರಮಕ್ಕೆ ಮೊದಲು ಒಬ್ಬ ಹುಡುಗ ಅವರ ಹಾಡನ್ನು ಹಾಡುವುದು ಕಿವಿಗೆ ಬಿತ್ತು. ಹದಿನಾಲ್ಕು ವರ್ಷದ ಬಡ ಹುಡುಗ. ಅವನನ್ನು ವೇದಿಕೆಗೆ ಹತ್ತಿಸಿ ಹಾಡಿಸಿದರು, ಹಾಡಿದ್ದಕ್ಕೆ ದುಡ್ಡನ್ನೂ ಕೊಟ್ಟರು. ಆ ಹುಡುಗನೇ ಮುಂದೆ ಲಿಟಲ್ ರಿಚರ್ಡ್ ಎಂದು ಜಗತ್ತಿಗೆಲ್ಲ ಗೊತ್ತಾದವನು.

1951ರ ಜುಲೈ 3ರ ಮೂರನೇ ಮದುವೆಯ ಕಥೆ ವಿಚಿತ್ರ. ವಾಷಿಂಗ್ಟನ್‌ನ ಬೇಸ್‌ಬಾಲ್ ಮೈದಾನದಲ್ಲಿ, ಟಿಕೆಟ್ ಇಟ್ಟು. ಕಾರ್ಯಕ್ರಮ ಮೊದಲು ನಿಗದಿಯಾಯಿತು, ವರನನ್ನು ಆಮೇಲೆ ಹುಡುಕಿದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಬಂದರು. ಮದುವೆಯ ಉಡುಪಿನಲ್ಲೇ ಗಿಟಾರ್ ನುಡಿಸಿದರು, ಪಟಾಕಿ ಹಾರಿಸಿದರು. ಸರಳ ಮದುವೆ ಮಾಡಿಕೊಂಡ ನಮ್ಮಂಥವರಿಗೆ ಇದು ಅತಿ ಎನಿಸಬಹುದು, ನನಗೂ ಎನಿಸುತ್ತದೆ. ಕಪ್ಪು ಹೆಣ್ಣೊಬ್ಬಳು ಮೈದಾನ ತುಂಬಿಸಬಲ್ಲಳು ಎಂಬುದಂತೂ ದೇಶದ ರಾಜಧಾನಿಯಲ್ಲೇ ಅಂದು ಎಲ್ಲರಿಗೂ ಕಂಡಿತು.

ಅಲ್ಲಿಂದ ಇಳಿಗಾಲ. ಐವತ್ತರ ದಶಕದ ನಡುವೆ ರಾಕ್ ಅಂಡ್ ರೋಲ್ ಬಿಳಿ ಹುಡುಗರ ಸಂಗೀತವೆಂದು ಮಾರಾಟವಾಯಿತು. ರೊಸೆಟ್ಟಾ ಅವರಿಗೆ ಕರೆಗಳು ಕಡಿಮೆಯಾದವು. ಕೈಹಿಡಿದದ್ದು ಯುರೋಪು. 1957ರಲ್ಲಿ ಕ್ರಿಸ್ ಬಾರ್ಬರ್ ತಂಡದೊಂದಿಗೆ ಇಂಗ್ಲೆಂಡ್ ಸುತ್ತಿದರು. 1964ರ ಮೇ 7ರಂದು ಮ್ಯಾಂಚೆಸ್ಟರಿನಲ್ಲಿ, ರೈಲು ನಿಂತುಹೋದ ವಿಲ್ಬ್ರಹಾಂ ರೋಡ್ ನಿಲ್ದಾಣದಲ್ಲಿ ಗ್ರಾನಡಾ ಟಿವಿ ಕಾರ್ಯಕ್ರಮ. ಒಂದು ಪ್ಲಾಟ್‌ಫಾರಂ ವೇದಿಕೆ, ಎದುರಿನದರಲ್ಲಿ ಪ್ರೇಕ್ಷಕರು. ಮಳೆ ಬಂತು. ಮಳೆಯ ಬಗ್ಗೆ ಇರುವ ಹಾಡನ್ನೇ ಎತ್ತಿಕೊಂಡು, ಕೋಟು ತೊಟ್ಟೇ, ಬಿಳಿ ಗಿಟಾರ್ ಹಿಡಿದು ನಲವತ್ತೊಂಬತ್ತರ ಹೆಂಗಸು ನಿಂತರು.

1968ರಲ್ಲಿ ತಾಯಿ ತೀರಿಕೊಂಡರು. 1970ರಲ್ಲಿ ರೊಸೆಟ್ಟಾ ಅವರಿಗೆ ಲಕ್ವ ಹೊಡೆಯಿತು. ಸಕ್ಕರೆ ಕಾಯಿಲೆಯಿಂದ ಒಂದು ಕಾಲನ್ನು ಕತ್ತರಿಸಬೇಕಾಯಿತು. ಆಮೇಲೂ ಕುಳಿತು ಹಾಡಿದರು. 1973ರ ಅಕ್ಟೋಬರ್ 9ರಂದು ಫಿಲಡೆಲ್ಫಿಯಾದಲ್ಲಿ, ಐವತ್ತೆಂಟನೇ ವಯಸ್ಸಿನಲ್ಲಿ, ಹೊಸ ಹಾಡುಗಳ ಮುದ್ರಣ ಗೊತ್ತಾಗಿದ್ದ ಹೊತ್ತಿನಲ್ಲೇ ಕೊನೆಯುಸಿರೆಳೆದರು. ಅಂತ್ಯಕ್ರಿಯೆಗೆ ಮೇರಿ ನೈಟ್ ಬಂದು ಹಾಡಿದರು. ನಾರ್ತ್‌ವುಡ್ ಸ್ಮಶಾನದಲ್ಲಿ ಮಣ್ಣು ಮಾಡಿದರು, ಮೇಲೊಂದು ಕಲ್ಲನ್ನೂ ನಿಲ್ಲಿಸಲಿಲ್ಲ.

1986ರಲ್ಲಿ ಅಮೆರಿಕದಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಮೊದಲ ತಂಡವನ್ನು ಸೇರಿಸಿಕೊಂಡಾಗ ಎಲ್ವಿಸ್ ಇದ್ದ, ಚಕ್ ಬೆರಿ ಇದ್ದ, ಆ ಮೇಕನ್ನಿನ ಹುಡುಗ ಲಿಟಲ್ ರಿಚರ್ಡ್ ಕೂಡ ಇದ್ದ. ರೊಸೆಟ್ಟಾ ಇರಲಿಲ್ಲ. 1992ರಲ್ಲಿ ಸೇರಿದ ಜಾನಿ ಕ್ಯಾಶ್ ಆ ವೇದಿಕೆಯಲ್ಲೇ ತನ್ನ ಮೆಚ್ಚಿನ ಗಾಯಕರಲ್ಲಿ ಅವರ ಹೆಸರು ಹೇಳಿದ. ಆದರೂ ಅವರ ಸರದಿ ಬಂದದ್ದು 2018ರಲ್ಲಿ. ಸಮಾಧಿಗೆ ಕಲ್ಲು ಸಿಕ್ಕಿದ್ದು ಅದಕ್ಕಿಂತ ಸುಮಾರು ಹತ್ತು ವರ್ಷ ಮೊದಲು: 2008ರಲ್ಲಿ ಸಂಗೀತ ಕಾರ್ಯಕ್ರಮ ಮಾಡಿ ದುಡ್ಡು ಕೂಡಿಸಿ ಹೆಸರು ಕೆತ್ತಿಸಿದರು. ಮೂವತ್ತೈದು ವರ್ಷ ಅಲ್ಲಿ ಹುಲ್ಲು ಬೆಳೆದಿತ್ತು.

ಮ್ಯಾಂಚೆಸ್ಟರಿನ ಮಳೆಯ ಆ ಕಾರ್ಯಕ್ರಮ ಯೂಟ್ಯೂಬಿನಲ್ಲಿದೆ. ಇಂಗ್ಲಿಷ್ ಬಾರದಿದ್ದರೂ ಅಡ್ಡಿಯಿಲ್ಲ. ಮನೆಯ ಹೆಣ್ಣುಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ, ನಡುವೆ ಗಿಟಾರ್ ಒಂದೇ ಮಾತಾಡುವ ಭಾಗ ಬಂದಾಗ ಅವರ ಬೆರಳುಗಳನ್ನು ಗಮನಿಸಿ.