ಮರುಭೂಮಿಯ ಛಾಯಾಗ್ರಾಹಕ ಟಿಮೊಥಿ ಓ’ಸಲಿವನ್

ನಮ್ಮ ಮನೆಯಲ್ಲಿ ‘ರೇಗಿಸ್ತಾನ್’ ಎನ್ನುವ ಮರುಭೂಮಿಯನ್ನು ನಾನು ಚಿತ್ರಗಳಲ್ಲಷ್ಟೇ ನೋಡಿದ್ದೇನೆ. ಅವುಗಳಲ್ಲಿ ನನಗೆ ಬಹಳ ಇಷ್ಟವಾದವು ಅಮೆರಿಕದ ಟಿಮೊಥಿ ಓ’ಸಲಿವನ್ ತೆಗೆದವು.

ಅಂತರ್ಯುದ್ಧದ ಚಿತ್ರಗಳನ್ನು ತೆಗೆದಿದ್ದ ಅವರು 1867ರಲ್ಲಿ ಕ್ಲಾರೆನ್ಸ್ ಕಿಂಗ್ ಅವರ ಸರ್ಕಾರಿ ಸರ್ವೆ ತಂಡ ಸೇರಿ ನೆವಾಡಕ್ಕೆ ಹೋದರು. ಆಗ ಗಾಜಿನ ಹಲಗೆಗೆ ರಾಸಾಯನಿಕ ಬಳಿದು, ಅದು ಒಣಗುವ ಮೊದಲೇ ಚಿತ್ರ ತೆಗೆದು, ಕತ್ತಲಲ್ಲಿ ತೊಳೆಯಬೇಕಿತ್ತು. ಬಿಸಿಲಿನಲ್ಲಿ ಹಲಗೆ ಬೇಗ ಒಣಗುತ್ತದೆ, ನೀರೂ ವಿರಳ. ಅದಕ್ಕೇ ಹೇಸರಗತ್ತೆಗಳು ಎಳೆಯುವ ಗಾಡಿಯನ್ನೇ ಕತ್ತಲಕೋಣೆ ಮಾಡಿಕೊಂಡರು. ಕಾರ್ಸನ್ ಮರುಭೂಮಿಯ ಚಿತ್ರದಲ್ಲಿ ಆ ಗಾಡಿಯಿಂದ ಕ್ಯಾಮೆರಾ ಕಡೆಗೆ ಬಂದ ಹೆಜ್ಜೆಗುರುತುಗಳೂ ಕಾಣುತ್ತವೆ.

1871ರಲ್ಲಿ ವೀಲರ್ ತಂಡದೊಂದಿಗೆ ಕೊಲರಾಡೊ ನದಿಯಲ್ಲಿ ಪ್ರವಾಹಕ್ಕೆ ಎದುರಾಗಿ ದೋಣಿಯಲ್ಲಿ ಸಾಗಿದರು. ಆ ಪ್ರಯಾಣದ ನೆಗೆಟಿವ್‌ಗಳಲ್ಲಿ ಹೆಚ್ಚಿನವು ಹಿಂದಕ್ಕೆ ಸಾಗಿಸುವಾಗ ಹಾಳಾದವು. ವಾಣಿಜ್ಯ ಓದುವ ನನ್ನ ಲೆಕ್ಕದಲ್ಲಿ ಇದು ದೊಡ್ಡ ನಷ್ಟ. ಆದರೂ ಅವರು ಮತ್ತೆ ಹೊರಟರು. 1873ರಲ್ಲಿ ಅರಿಜೋನಾದ ಕ್ಯಾನ್ಯನ್ ಡಿ ಶೇ ಕಣಿವೆಯಲ್ಲಿ, ಎತ್ತರದ ಬಂಡೆಯ ಬುಡದ ಪುರಾತನ ಮನೆಗಳನ್ನು ಚಿತ್ರಿಸಿದರು.

1882ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವರಿಗೆ ಸುಮಾರು 42 ವರ್ಷ. ಅರವತ್ತು ವರ್ಷಗಳ ನಂತರ ಖ್ಯಾತ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅದೇ ಕಣಿವೆಗೆ ಹೋಗಿ ಅದೇ ದೃಶ್ಯವನ್ನು ಸೆರೆಹಿಡಿದರು. ಒಡೆದ ಗಾಜನ್ನು ಎಣಿಸುತ್ತಾ ಕೂರದವರ ಕೆಲಸ ಹೀಗೆ ಉಳಿಯುತ್ತದೆ.