ಫ್ಲಾರೆನ್ಸ್ ನೈಟಿಂಗೇಲ್

ಕಳೆದ ವರ್ಷ ನಮ್ಮ ತಾಯಿಯವರು ಆಸ್ಪತ್ರೆಯಲ್ಲಿದ್ದಾಗ, ನರ್ಸಮ್ಮನವರು ರಾತ್ರಿಯೆಲ್ಲ ಆಗಾಗ ಬಂದು ಜ್ವರ ನೋಡಿ, ಮಂಚಕ್ಕೆ ತೂಗುಹಾಕಿದ್ದ ಹಾಳೆಯಲ್ಲಿ ಗುರುತು ಮಾಡಿ ಹೋಗುತ್ತಿದ್ದರು. ಆ ಹಾಳೆಯನ್ನೇ ನೋಡುತ್ತ ಕುಳಿತಿದ್ದ ನನಗೆ ನೈಟಿಂಗೇಲಳ ಜೀವನವನ್ನು ಓದಬೇಕೆನಿಸಿತು. ಅದುವರೆಗೆ ಶಾಲೆಯ ಪುಸ್ತಕದಲ್ಲಿ ದೀಪ ಹಿಡಿದು ನಿಂತ ಆಕೆಯ ಚಿತ್ರವನ್ನಷ್ಟೇ ಬಲ್ಲೆ.

ಆಕೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ 1820ರಲ್ಲಿ ಹುಟ್ಟಿದ, ಸಿರಿವಂತ ಆಂಗ್ಲ ಮನೆತನದ ಮಗಳು. ದಾದಿಯ ಕೆಲಸಕ್ಕೆ ಮನೆಯವರು ಬಹುಕಾಲ ಒಪ್ಪಲಿಲ್ಲ. 1854ರ ನವೆಂಬರಿನಲ್ಲಿ 38 ಮಂದಿ ದಾದಿಯರೊಡನೆ, ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ತುರ್ಕಿಯ ಸ್ಕುಟಾರಿಗೆ ಬಂದಿಳಿದಳು. ಅಡುಗೆ, ಬಟ್ಟೆಯ ಒಗೆತ, ರಾತ್ರಿಯ ಸುತ್ತು ಎಲ್ಲವನ್ನೂ ಮೈಮೇಲೆ ಹಾಕಿಕೊಂಡಳು. ಆದರೂ ಆ ಚಳಿಗಾಲದಲ್ಲಿ ಸಾವು ಏರುತ್ತಲೇ ಹೋಯಿತು. 1855ರ ಮಾರ್ಚಿಯಲ್ಲಿ ಬಂದ ಆರೋಗ್ಯ ಆಯೋಗದವರು ಚರಂಡಿಗಳನ್ನು ತೊಳೆಸಿ, ಕೋಣೆಗಳಲ್ಲಿ ಗಾಳಿಯಾಡುವಂತೆ ಮಾಡಿದ ಮೇಲೆ ಬಹಳ ಇಳಿಯಿತು.

ನನ್ನನ್ನು ಬೆರಗುಗೊಳಿಸಿದ್ದು ಮುಂದಿನ ಸಂಗತಿ. ಯುದ್ಧ ಮುಗಿದು ಮರಳಿದಾಗ ನಾಡೆಲ್ಲ ಹೊಗಳುತ್ತಿರಲು, ಆಕೆ ಸತ್ತವರ ಲೆಕ್ಕಕ್ಕೆ ಕುಳಿತಳು. ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ನೆರವಾದರು. (ಗಣಿತವೆಂದರೆ ಓಡುವ ನಮ್ಮ ಕಲಾ ವಿಭಾಗದ ಮಿತ್ರರು ಗಮನಿಸಬೇಕು!) ಗಾಯಕ್ಕಿಂತ ರೋಗದಿಂದಲೇ ಬಹುಮಂದಿ ಸತ್ತಿದ್ದರು, ತಾನೇ ದುಡಿದ ಆಸ್ಪತ್ರೆಯ ಕೊಳೆಯೂ ಅದಕ್ಕೆ ಕಾರಣವಾಗಿತ್ತು. ಆಕೆ ಅದನ್ನು ಬಚ್ಚಿಡಲಿಲ್ಲ. 1858ರಲ್ಲಿ ಬಣ್ಣದ ನಕ್ಷೆ ಬರೆದು ಅಧಿಕಾರಿಗಳ ಮುಂದಿಟ್ಟಳು.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಾಲೆ ತೆರೆಯಿತು. ರೋಗಿಯನ್ನು ಕಣ್ಣಿಟ್ಟು ನೋಡುವುದೂ ಅಲ್ಲಿ ಒಂದು ಪಾಠ. 1910ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು.

ತಾಯಿಯವರನ್ನು ಮನೆಗೆ ಕರೆತರುವ ದಿನ ಆ ಹಾಳೆಯನ್ನು ಕೇಳಿದೆ. ನರ್ಸಮ್ಮನವರು ಕೊಡಲಿಲ್ಲ, ಅದು ಆಸ್ಪತ್ರೆಯಲ್ಲೇ ಇರಬೇಕಾದದ್ದು ಎಂದರು.